ಬೆನ್ನು ಮುರಿಯದ ಪ್ರತಿ

ಜೂನ್ 2, ಸೋಮವಾರ

ಮುಂದೆಂದಾದರೂ ಈ ದಿನಚರಿ ನ್ಯಾಯಾಲಯದ ಮೇಜಿಗೆ ಹೋದರೆ ವಿಚಾರಣೆ ಬೇಗ ಮುಗಿಯಲಿ ಎಂಬ ಸದುದ್ದೇಶದಿಂದ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ಇವತ್ತು ಬೆಳಿಗ್ಗೆ ನಾನು ನನ್ನ ಅತ್ತೆಯ ಕಣ್ಣಿನ ಹತ್ತಿಯನ್ನು ಕದ್ದೆ.

ಆಸ್ಪತ್ರೆಯವರು ಸೀಲು ಮಾಡಿ ಕೊಟ್ಟ ಹತ್ತಿ. ಆಪರೇಷನ್ ಆದ ಕಣ್ಣನ್ನು ಒರೆಸಲು ಮಾತ್ರ ಎಂದು ಡಬ್ಬಿಯ ಮೇಲೆ ಬರೆದಿದೆ. ಅದರಿಂದ ಒಂದು ಉಂಡೆ ಎತ್ತಿ ‘ಕೆಂಪು ಕೀಲಿ’ ಪತ್ತೇದಾರಿ ಮಾಸಪತ್ರಿಕೆಯ ಕೊನೆಯ ಸಂಚಿಕೆಯ ಧೂಳು ಒರೆಸಿದೆ. ಮಾಮೂಲಿ ಹತ್ತಿ ರಕ್ಷಾಪುಟದ ಹೊಳಪಿಗೆ ಒರಟು. ಕದ್ದದ್ದು ಅತ್ತೆಗೆ ಕಾಣಲಿಲ್ಲ. ಕಾಣುವಂತಿದ್ದರೆ ಮನೆಗೆ ಆ ಹತ್ತಿಯೇ ಬರುತ್ತಿರಲಿಲ್ಲ.

ನಮ್ಮ ಸದ್ಯದ ಸ್ಥಿತಿ ಹೀಗಿದೆ. ನಾಲ್ಕನೇ ಮಹಡಿ, ಕೆಟ್ಟ ಲಿಫ್ಟು. ಮುಂದಿನ ಕೋಣೆಯಲ್ಲಿ ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಾನು, ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ಒಳಗಿನ ಕೋಣೆಯಲ್ಲಿ ಅತ್ತೆ. ಅವರ ಒಂದು ಕಣ್ಣು ಬಹಳ ಹಿಂದೆಯೇ ಕೈಕೊಟ್ಟಿದೆ; ಇನ್ನೊಂದಕ್ಕೆ ಈಗ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದಾರೆ. ನನ್ನ ಹೆಂಡತಿ ಔಷಧದ ಅಂಗಡಿಗೆ ಕೆಲಸಕ್ಕೆ ಹೊರಡುವಾಗ ಹೊರಗಿನಿಂದ ಬೀಗ ಹಾಕುತ್ತಾಳೆ.

“ಬಾಗಿಲು ತೆಗೆಯೋಕೆ ನಿಮಗೆ ಕಾಲಿಲ್ಲ, ಬಂದೋರು ಯಾರೂಂತ ನೋಡೋಕೆ ಅಮ್ಮನಿಗೆ ಕಣ್ಣಿಲ್ಲ. ಇಬ್ಬರೂ ಸೇರಿ ಒಬ್ಬ ಮನುಷ್ಯನೂ ಆಗಲ್ಲ ರೀ,” ಎಂದಳು. ಆಮೇಲೆ ಬೀಗ ಬಿದ್ದ ಸದ್ದು. ಬೀಗರ ಕಡೆಯವರ ಜೊತೆ ಬೀಗದೊಳಗೆ ಕೂತು ಬೀಗುವುದೊಂದೇ ಬಾಕಿ. ಅದನ್ನೂ ಮಾಡಿಬಿಡುತ್ತೇನೆ.

ನಾನು ಹಳೆಯ ಪತ್ತೇದಾರಿ ಪತ್ರಿಕೆಗಳನ್ನು ಕೂಡಿಡುತ್ತೇನೆ, ಅವಕ್ಕೆ ಅಂಕ ಕೊಡುತ್ತೇನೆ. ಬೆನ್ನು ನೆಟ್ಟಗಿದೆಯೇ, ಮೂಲೆ ಮಡಿಸಿದೆಯೇ, ಪಿನ್ನಿಗೆ ತುಕ್ಕು ಹಿಡಿದಿದೆಯೇ, ಕಾಗದ ಬೆಣ್ಣೆಯ ಬಣ್ಣಕ್ಕಿದೆಯೇ, ಬಿಸ್ಕತ್ತಿನ ಬಣ್ಣಕ್ಕಿಳಿದಿದೆಯೇ ಎಲ್ಲ ನೋಡಿ ಹತ್ತಕ್ಕೆ ಇಷ್ಟು ಎನ್ನುತ್ತೇನೆ. ಹತ್ತು ಯಾರಿಗೂ ಇಲ್ಲ. ತೀರಾ ಕೆಳಗಿನದಕ್ಕೆ ಅಂಕವನ್ನೇ ಕೊಡದೆ ‘ಓದುವ ಪ್ರತಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇನೆ. ಅದು ನಮ್ಮ ಸಂಗ್ರಾಹಕರ ಸಂಘದಲ್ಲಿ ಬೈಗುಳ. ಓದಬೇಕಾದರೆ ಪತ್ರಿಕೆ ಅಗಲಿಸಬೇಕು, ಅಗಲಿಸಿದರೆ ಬೆನ್ನಿಗೆ ಗೆರೆ ಬೀಳುತ್ತದೆ, ಗೆರೆ ಬಿದ್ದರೆ ಒಂದೂವರೆ ಅಂಕ ಹೋಯಿತು. ಹಾಗಾಗಿ ಇಷ್ಟು ವರ್ಷದಲ್ಲಿ ನಾನು ಇವುಗಳಲ್ಲಿ ಒಂದನ್ನೂ ಓದಿಲ್ಲ. ಇದನ್ನು ಸಂಘದ ಸಭೆಯಲ್ಲೂ ಎದೆಯುಬ್ಬಿಸಿ ಹೇಳಿದ್ದೇನೆ. ಉಣ್ಣುವವನು ಬೇರೆ, ಪಾಕ ಪರೀಕ್ಷಿಸುವವನು ಬೇರೆ.

ಆ ಕೊನೆಯ ಸಂಚಿಕೆ ನನ್ನ ಕಿರೀಟ. ಮುದ್ರಣಾಲಯ ಮುಚ್ಚಿದಾಗ ಗೋದಾಮಿನ ಮೂಲೆಯ ಕಟ್ಟೊಂದರಿಂದ ಸಿಕ್ಕಿದ್ದು. ಅಂಗಡಿಯ ಮುಖ ಕಂಡಿಲ್ಲ, ಓದುಗನ ಬೆರಳು ಮುಟ್ಟಿಲ್ಲ. ನನ್ನ ಪ್ರಕಾರ ಒಂಬತ್ತು. ಮೇಲಿನ ಬೀರುವಿನಿಂದ ಅದನ್ನು ಇಳಿಸುವಾಗಲೇ ಸ್ಟೂಲು ವಾಲಿತು. ಬೀಳುತ್ತಲೇ ಎರಡು ಕೈಯಲ್ಲೂ ಅದನ್ನು ಮೇಲೆತ್ತಿ ಹಿಡಿದಿದ್ದೆ. ಪ್ರತಿಯ ಬೆನ್ನು ಉಳಿಯಿತು, ಪತಿಯ ಕಾಲು ಮುರಿಯಿತು.

ಸಂಘದ ಕಾರ್ಯದರ್ಶಿ ಈ ತಿಂಗಳು ಮನೆಗೇ ಬಂದು ಪರೀಕ್ಷಿಸುತ್ತಾರಂತೆ. ಅವರನ್ನು ಎಲ್ಲರೂ ಭೂತಗನ್ನಡಿ ಎನ್ನುತ್ತಾರೆ. ಅದೇ ಸಂಚಿಕೆ ಅವರಲ್ಲೂ ಇದೆ, ಯಾರೋ ಓದಿ ಬಿಟ್ಟದ್ದು, ರಕ್ಷಾಪುಟದ ಮೇಲೆ ಚಹಾ ಲೋಟದ ಉಂಗುರ. ಏಳೇ ಏಳು. ಅವರ ಕೈಯಿಂದಲೇ ನನ್ನದಕ್ಕೆ ಒಂಬತ್ತು ಬರೆಸಿಕೊಳ್ಳಬೇಕು.

ಜೂನ್ 4, ಬುಧವಾರ

ಬೆಳಗಿನಿಂದ ಪತ್ರಿಕೆಗಳಿಗೆ ಹೊಸ ಪ್ಲಾಸ್ಟಿಕ್ ಕವರು ಹಾಕುತ್ತಿದ್ದೆ.

“ಅಳಿಯಂದಿರೇ, ಏನೋ ಕರಕರ ಅಂತಿದೆ. ಇಲೀನಾ?”

“ಅಲ್ಲ ಅತ್ತೆ, ನಾನು.”

“ಏನು ಕಡೀತಿದ್ದೀರಿ?”

“ಹಳೇ ಪತ್ರಿಕೆ ಕಟ್ಟಿಡ್ತಿದ್ದೀನಿ. ‘ಕೆಂಪು ಕೀಲಿ’ ಅಂತ. ನಿಮಗೆ ಗೊತ್ತಿರಲ್ಲ ಬಿಡಿ.”

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ, “ಬೂದಿಬಣ್ಣದ ಕೈಗವಸು ಧಾರಾವಾಹಿ ಬರ್ತಿತ್ತಲ್ಲ, ಅದಾ?”

ಅತ್ತೆ ಮದುವೆಗೆ ಮುಂಚೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಅಲ್ಲಿ ಒಬ್ಬಳು ಆ ಕಥೆ ಗಟ್ಟಿಯಾಗಿ ಓದುವುದು, ಉಳಿದವರು ಕಿವಿ ಅವಳಿಗೂ ಕೈ ತಂತಿಗಳಿಗೂ ಕೊಟ್ಟು ಕೂರುವುದು. ರೋಚಕ ಜಾಗ ಬಂದಾಗ ಊರಿನ ಅರ್ಧ ಕರೆಗಳು ತಪ್ಪು ಮನೆಗೆ ಹೋಗುತ್ತಿದ್ದವಂತೆ. ಇನ್ನೇನು ಕೊನೆಯ ಕಂತು ಬರಬೇಕು, ಇವರಿಗೆ ಮದುವೆಯಾಗಿ ಬೇರೆ ಊರು. ಆ ಮನೆಯಲ್ಲಿ ಪತ್ರಿಕೆ ತರಿಸುತ್ತಿರಲಿಲ್ಲ.

“ನಾನು ಗಂಡನ ಮನೆಗೆ ಹೋದೆ, ಕೊಲೆಗಾರ ಅಲ್ಲೇ ಉಳಿದ,” ಎಂದರು. “ಒಂದು ಓದಿ ನೋಡೋಣ. ಕತ್ತಲೆ ನೋಡಿ ನೋಡಿ ಸಾಕಾಗಿದೆ.”

ನಾನು ಓದುವವನಲ್ಲ ಎಂದು ವಿನಯದಿಂದ ವಿವರಿಸಿದೆ. ಬೆನ್ನಿನ ಗೆರೆ, ಒಂದೂವರೆ ಅಂಕ ಎಲ್ಲ ಹೇಳಿದೆ.

“ಅಂದ್ರೆ ಇಷ್ಟು ಕೂಡಿಟ್ಟು ಒಂದನ್ನೂ ತೆರೆದಿಲ್ವಾ?”

“ಇಲ್ಲ.”

“ಪಾಪ,” ಎಂದರು. ಯಾರಿಗೆ ಪಾಪ ಎಂದು ಸ್ಪಷ್ಟಪಡಿಸಲಿಲ್ಲ.

ಕೊನೆಗೆ ನಾಲ್ಕು ಅಂಕದ ಒಂದು ಹಳೆಯ ಸಂಚಿಕೆ ತೆಗೆದು, ಎರಡು ಬೆರಳಗಲ ಮಾತ್ರ ತೆರೆದು, ಕಿಟಕಿಯ ಸಂದಿಯಲ್ಲಿ ಪಕ್ಕದ ಮನೆ ನೋಡುವವನಂತೆ ಓದಿದೆ. ಬಂದರಿನ ಹತ್ತಿರ ಒಂದು ಹೋಟೆಲು. ಮಾಲೀಕನ ಕೊಲೆಯಾಗಿದೆ. ಅಲ್ಲಿನ ಬೆರಳಚ್ಚುಗಾತಿಯ ಮೇಜಿನ ಮೇಲೆ ಯಾರೋ ಆಗಾಗ ಒಂದೇ ಒಂದು ಕೈಗವಸು ಇಟ್ಟು ಹೋಗುತ್ತಾರೆ. ಯಾವಾಗಲೂ ಎಡಗೈಯದು. ಕಥೆ ಶುದ್ಧ ಕಳಪೆ. ಪತ್ತೇದಾರಿ ಸಾಲದೆಂದು ಈಗ ಅತ್ತೇದಾರಿ ಬೇರೆ.

ಜೂನ್ 5, ಗುರುವಾರ

ಇವತ್ತು ಮೂರು ಕಂತು ಓದಿದೆವು. ಅತ್ತೆಯೇ ಒತ್ತಾಯ ಮಾಡಿದರು. ಮೂರನೆಯದನ್ನು ಯಾರು ಒತ್ತಾಯಿಸಿದರೆಂದು ನೆನಪಿಲ್ಲ.

ಜೂನ್ 9, ಸೋಮವಾರ

ಬೀಗ. ಪ್ಲಾಸ್ಟರಿನೊಳಗೆ ತುರಿಕೆ. ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ಗೋಡೆ, ಅದರ ಮೇಲೊಂದು ಕೊಳವೆ. ಕೊಳವೆಗೆ ಆರು ಅಂಕ ಕೊಟ್ಟೆ.

ಜೂನ್ 11, ಬುಧವಾರ

ಹೆಂಡತಿ ಅಡುಗೆಮನೆಗೆ ಕರೆದಳು. ಊರುಗೋಲಿನ ಮೇಲೆ ಹೋದೆ. ನಲ್ಲಿ ಜೋರಾಗಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಹೇಳಿದಳು.

“ಡಾಕ್ಟರಿಗೆ ಅಷ್ಟು ಭರವಸೆ ಇಲ್ಲ ರೀ. ಒಳಗಿನ ಪದರ ಅಂಟ್ಕೊಳ್ಳುತ್ತೋ ಇಲ್ವೋ, ಪಟ್ಟಿ ಬಿಚ್ಚಿದಾಗಲೇ ಗೊತ್ತಾಗೋದಂತೆ. ಅಲ್ಲೀವರೆಗೂ ಅಮ್ಮ ಬಗ್ಗಬಾರದು, ಕೆಮ್ಮಬಾರದು, ಅಳಬಾರದು. ನಗಲೂಬಾರದು. ಅವಳಿಗೆ ಹೇಳ್ಬೇಡಿ.”

“ನಾನ್ಯಾಕೆ ಹೇಳಲಿ?”

“ನಿಮ್ಮ ಮುಖ ಹೇಳುತ್ತೆ.”

“ಅವರಿಗೆ ನನ್ನ ಮುಖ ಎಲ್ಲಿ ಕಾಣುತ್ತೆ?”

ಮಾತು ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ನಲ್ಲಿ ನಿಲ್ಲಿಸಿದಳು.

ಇಷ್ಟು ದಿನ ನಾಲ್ಕು ಗೋಡೆಯೊಳಗೆ ಸಿಕ್ಕಿಕೊಂಡಿದ್ದೆ. ಈಗ ಈ ಮಾತೂ ಒಳಗೆ ಸಿಕ್ಕಿಕೊಂಡಿದೆ. ಅದಕ್ಕೂ ಹೊರಗಿನಿಂದ ಬೀಗ.

ಜೂನ್ 12, ಗುರುವಾರ

ನನ್ನಲ್ಲಿದ್ದ ಕಂತುಗಳೆಲ್ಲ ಮುಗಿದವು. ಬೆರಳಚ್ಚುಗಾತಿ ನೆಲಮಾಳಿಗೆಯಲ್ಲಿದ್ದಾಳೆ, ಮೆಟ್ಟಿಲಿನ ಮೇಲೆ ಯಾರೋ ಇಳಿಯುವ ಸದ್ದು, ‘ಮುಂದಿನ ಸಂಚಿಕೆಯಲ್ಲಿ ಮುಕ್ತಾಯ’. ಅತ್ತೆ ಕಾವಲುಗಾರನೇ ಅನ್ನುತ್ತಾರೆ. ನಾನು ಮಾಲೀಕನ ಅಕ್ಕ ಅನ್ನುತ್ತೇನೆ. ವಾದದ ಸಲುವಾಗಿ.

“ಕೊನೆ ಕಂತು ಇದೆಯಾ?”

“ಇಲ್ಲ ಅತ್ತೆ. ಎಲ್ಲೂ ಸಿಗಲ್ಲ ಅದು.”

ಆಗಷ್ಟೇ ಬೀಗ ತೆಗೆದು ಒಳಗೆ ಬರುತ್ತಿದ್ದ ಹೆಂಡತಿ, ಚಪ್ಪಲಿಯನ್ನೂ ಬಿಡದೆ, “ಗಾಜಿನ ಬೀರುವಲ್ಲಿ ದೇವರ ಹಾಗೆ ಕೂರಿಸಿದ್ದೀರಲ್ಲ, ಅದೇ ಅಲ್ವೇನ್ರೀ? ಮೇಲೆ ‘ಕೈಗವಸು, ಕೊನೆಯ ಕಂತು’ ಅಂತ ದಪ್ಪಕ್ಷರದಲ್ಲಿದೆ,” ಎಂದಳು.

ಪತ್ತೇದಾರರನ್ನು ದುಡ್ಡು ಕೊಟ್ಟು ಕರೆಸಬೇಕು. ಹೆಂಡತಿ ಉಚಿತ.

“ಅದು ಒಂಬತ್ತರ ಪ್ರತಿ ಕಣೇ. ತೆರೆದ್ರೆ ಮುಗೀತು. ಇನ್ನೊಂದು ವಾರಕ್ಕೆ ಕಾರ್ಯದರ್ಶಿ ಬರ್ತಾರೆ. ಆಮೇಲೆ ಪಟ್ಟಿ ಬಿಚ್ಚಿದ್ಮೇಲೆ ಅತ್ತೆ ತಾವೇ ಓದ್ಕೊಳ್ಳಲಿ.”

ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದರು. “ನಾನೇ ಓದ್ಕೋತೀನಿ ಅನ್ನೋ ಧೈರ್ಯ ಇದ್ದಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ ಅಳಿಯಂದಿರೇ,” ಎಂದರು. “ಹೋಗ್ಲಿ ಬಿಡಿ. ಇಷ್ಟು ವರ್ಷ ಕಾದಿಲ್ವಾ.”

ಹೆಂಡತಿ ನನ್ನನ್ನು ನೋಡಿದಳು. ನಾನು ಕೊಳವೆಯನ್ನು ನೋಡಿದೆ.

ಜೂನ್ 14, ಶನಿವಾರ

ಪ್ರತಿ ತೆರೆಯದೆ ಓದುವುದು ಸಾಧ್ಯವೇ ಎಂಬ ಶುದ್ಧ ಶಾಸ್ತ್ರೀಯ ಪ್ರಶ್ನೆಯನ್ನು ಕೈಗೆತ್ತಿಕೊಂಡೆ. ಸಲಕರಣೆ: ಹೆಂಡತಿಯ ಪುಟ್ಟ ಕನ್ನಡಿ, ಟಾರ್ಚು, ಊದುವ ಬಾಯಿ. ಹಾಳೆಗಳ ನಡುವೆ ಊದಿ, ಸಂದಿಗೆ ಬೆಳಕು ಬಿಟ್ಟು, ಕನ್ನಡಿಯಲ್ಲಿ ತಿರುಗಾಮುರುಗಾ ಅಕ್ಷರ ಓದುವುದು. ಒಂದು ಗಂಟೆಯ ಶ್ರಮಕ್ಕೆ ‘ಳಾದ್ದಿ’ ಎಂಬುದು ಸಿಕ್ಕಿತು. ಕತ್ತು ಹಿಡಿದುಕೊಂಡಿತು.

“ಏನು ಊದ್ತಿದ್ದೀರಿ?”

“ಚಹಾ ಆರಿಸ್ತಿದ್ದೀನಿ ಅತ್ತೆ.”

“ಎರಡು ಲೋಟ ಮಾಡ್ಕೊಂಡಿದ್ರೆ ನನಗೂ ಒಂದು ಕೊಡಬಹುದಿತ್ತು.”

ಜೂನ್ 15, ಭಾನುವಾರ

ತೆರೆದೆ.

ಯಾಕೆ ತೆರೆದೆ ಎಂಬುದಕ್ಕೆ ಕಾರಣಗಳಿವೆ. ಕನ್ನಡಿ ಹಿಡಿದು ಕೈ ಸೋತಿತ್ತು. ಅತ್ತೆ ಊಟ ಅರ್ಧಕ್ಕೇ ಬಿಟ್ಟರು, ಸದ್ದು ತೀರಾ ಕಡಿಮೆಯಾಗಿತ್ತು, ಸದ್ದಿಲ್ಲದ ಮನೆಯಲ್ಲಿ ನನಗೆ ಗಮನ ನಿಲ್ಲುವುದಿಲ್ಲ. ಇಷ್ಟೇ.

ಪ್ಲಾಸ್ಟಿಕ್ಕಿನಿಂದ ತೆಗೆದು, ಮಂಡಿಯ ಮೇಲಿಟ್ಟು, ಪೂರ್ತಿ ಅಗಲಿಸಿದೆ. ಬೆನ್ನು ‘ಟಿಕ್’ ಎಂದಿತು. ನನ್ನ ಕಾಲು ಮುರಿದಾಗಲೂ ಇಂಥದೇ ಸದ್ದು ಬಂದಿತ್ತು. ಆಗ ಇಷ್ಟು ನೋವಾಗಿರಲಿಲ್ಲ.

ಕೊನೆಯ ಕಂತು ಶುರುವಾಯಿತು. ನೆಲಮಾಳಿಗೆ, ಮೆಟ್ಟಿಲು, ದೀಪ. ‘ಅವಳು ತಿರುಗಿ ನೋಡಿದಳು. ಅಲ್ಲಿ ನಿಂತಿದ್ದವರು—’ ಪುಟ ತಿರುಗಿಸಿದೆ. ಹೇರ್‌ಆಯಿಲ್ ಜಾಹೀರಾತು, ಓದುಗರ ಪತ್ರ, ಇನ್ನಾವುದೋ ಕಳ್ಳಸಾಗಣೆಯ ಕಥೆಯ ನಡುಭಾಗ. ಹಿಂದಕ್ಕೆ ಹೋದೆ. ಆ ನಡುಭಾಗ ಅಲ್ಲೂ ಇತ್ತು. ಅದೇ ಜಾಹೀರಾತು, ಅದೇ ಪತ್ರ. ಬೈಂಡು ಮಾಡುವವನು ನಡುವಿನ ಹಾಳೆಗಳನ್ನು ಎರಡು ಸಲ ಸೇರಿಸಿ, ಕೊನೆಯ ಹಾಳೆಗಳನ್ನು ಬಿಟ್ಟುಬಿಟ್ಟಿದ್ದ.

ಗೋದಾಮಿನ ಮೂಲೆಯಲ್ಲಿ ಆ ಪತ್ರಿಕೆಗಳ ಕಟ್ಟು ಯಾಕೆ ಉಳಿದಿತ್ತು ಎಂದು ಈಗ ಗೊತ್ತಾಯಿತು. ಅಂಗಡಿಯ ಮುಖ ಕಾಣದಿದ್ದುದು, ಓದುಗನ ಬೆರಳು ಸೋಕದಿದ್ದುದು, ಮೂಲೆ ಮಡಿಸದಿದ್ದುದು, ಎಲ್ಲಕ್ಕೂ ಒಂದೇ ಕಾರಣ: ಅದು ರದ್ದಿ. ಹಾಳಾಗಿದ್ದರಿಂದಲೇ ಹಾಳಾಗದೆ ಉಳಿದದ್ದು. ತರ್ಕಶಾಸ್ತ್ರದ ಮೊದಲ ಪಾಠ ಕಲಿಯುವ ಹುಡುಗಿಯೂ ಕೇಳುತ್ತಿದ್ದಳು, ಇಷ್ಟು ಚೆನ್ನಾಗಿರುವುದನ್ನು ಯಾಕೆ ಮಾರಲಿಲ್ಲ ಸಾರ್ ಎಂದು. ನಾನು ಕೇಳಲಿಲ್ಲ. ನಾನು ಪಿನ್ನು ನೋಡುತ್ತಿದ್ದೆ.

ಜೂನ್ 16, ಸೋಮವಾರ

“ಅತ್ತೆ, ಕೊನೆ ಕಂತು ಓದ್ತೀನಿ.”

“ಬೆನ್ನು?”

“ಅದಕ್ಕೆ ವಯಸ್ಸಾಗಿದೆ ಬಿಡಿ.”

ಇದ್ದಷ್ಟನ್ನು ಓದಿದೆ. ‘ಅಲ್ಲಿ ನಿಂತಿದ್ದವರು’ ಎಂಬಲ್ಲಿಗೆ ಬಂತು. ಅತ್ತೆಯ ಕೈ ಹೊದಿಕೆಯ ಅಂಚನ್ನು ಹಿಡಿದಿತ್ತು. ಇಲ್ಲಿಗೆ ಮುಗಿಯಿತು, ಮುಂದೆ ಎಣ್ಣೆ ಜಾಹೀರಾತು ಎಂದು ಹೇಳುವುದು ಸತ್ಯ. ಅಳಬಾರದು ಎಂದಿದ್ದಾರೆ ಡಾಕ್ಟರು. ಎಣ್ಣೆ ಜಾಹೀರಾತು ನೋಡುತ್ತಾ ಬಾಯಿಗೆ ಬಂದದ್ದು ಹೇಳಿದೆ: “ಅಲ್ಲಿ ನಿಂತಿದ್ದವರು ಹೋಟೆಲಿನ ಡಾಕ್ಟರು.”

“ಡಾಕ್ಟರಾ?”

“ಹೂಂ. ಅವನಿಗೆ ಎಡಗೈ ಇಲ್ಲ. ಅದಕ್ಕೇ ಕೈಗವಸಿನ ಜೋಡಿಯಲ್ಲಿ ಎಡಗೈಯದು ಮಿಕ್ಕುತ್ತಿತ್ತು. ಅದನ್ನೇ ಇಟ್ಟು ಹೋಗ್ತಿದ್ದ.”

“ಹೋದ ಕಂತಿನಲ್ಲಿ ಅವನು ಎರಡೂ ಕೈಲಿ ಪಿಯಾನೋ ನುಡಿಸಿದ್ನಲ್ಲ.”

“ಅದು ಮರದ ಕೈ.”

“ಮರದ ಕೈಲಿ ಪಿಯಾನೋನಾ?”

“ಪಿಯಾನೋನೂ ಮರದ್ದೇ ಅಲ್ವಾ ಅತ್ತೆ.”

ಅವರ ಭುಜ ಅಲುಗತೊಡಗಿತು. ಮೊದಲು ಅಳು ಎಂದುಕೊಂಡೆ. “ನಗಬೇಡಿ ಅತ್ತೆ,” ಎಂದು ಊರುಗೋಲು ಬಿಟ್ಟು ಮಂಚದ ಅಂಚು ಹಿಡಿದೆ. ಜೀವಮಾನವೆಲ್ಲ ತರಗತಿಯಲ್ಲಿ ಯಾರಾದರೂ ನಕ್ಕರೆ ಸಾಕು ಎಂದು ಹಂಬಲಿಸಿದವನು, ಒಬ್ಬರು ನಕ್ಕಾಗ ನಗಬೇಡಿ ಎಂದು ಅಂಗಲಾಚಿದೆ. ತಡೆದುಕೊಂಡರು. ಆಮೇಲೆ ಒಂದೇ ಮಾತು: “ಬರೆದೋನು ಕೊನೇಲಿ ಕೆಡಿಸಿಬಿಟ್ಟ.”

ಲೇಖಕನ ಪರವಾಗಿ ನನಗೆ ಸ್ವಲ್ಪ ಬೇಸರವಾಯಿತು.

ಜೂನ್ 18, ಬುಧವಾರ

ಅತ್ತೆ ಕೊನೆಯ ಭಾಗ ಮತ್ತೆ ಓದಿಸಿದರು. ಮೊನ್ನೆ ಡಾಕ್ಟರ್ ಸಮುದ್ರಕ್ಕೆ ಹಾರಿದ್ದ, ಇವತ್ತು ಅವನಿಗೆ ಕೈಕೋಳ ಹಾಕಿಸಿದೆ. “ಒಂದೇ ಕೈಗೆ ಕೋಳ ಹೆಂಗೆ ಹಾಕಿದ್ರು?” ಎಂದರು. ಇನ್ನು ಸುಳ್ಳನ್ನು ಬಾಯಿಪಾಠ ಮಾಡಬೇಕು. ಪಟ್ಟಿ ಬಿಚ್ಚಿ ಕಣ್ಣು ಬಂದರೆ ಮೊದಲು ಈ ಪುಟ ಕೇಳುತ್ತಾರೆ, ನಾನು ಸಿಕ್ಕಿಬೀಳುತ್ತೇನೆ. ಸಿಕ್ಕಿಬೀಳದಿದ್ದರೆ? ಆ ಕಡೆ ಯೋಚನೆ ಹೋಗುವುದು ಬೇಡ.

ಜೂನ್ 22, ಭಾನುವಾರ

ಭೂತಗನ್ನಡಿ ಬಂದರು. ನಾಲ್ಕು ಮಹಡಿ ಹತ್ತಿ ಉಸಿರು ಬಿಡುತ್ತಾ, ಜೇಬಿನಿಂದ ಬಿಳಿ ಕೈಗವಸು ತೆಗೆದು ಹಾಕಿಕೊಂಡರು. ಪ್ರತಿಯನ್ನು ಒಪ್ಪಿಸಿದೆ. ಗೆರೆ ಬಿದ್ದ ಕಡೆ ಬೆರಳಲ್ಲಿ ತೀಡಿ ತೀಡಿ ಹೆಚ್ಚುಕಡಿಮೆ ಮರೆಮಾಡಿದ್ದೆ. ನಮ್ಮ ಸಂಘದಲ್ಲಿ ಇನ್ನೊಬ್ಬರ ಪ್ರತಿಯನ್ನು ತೆರೆಯುವ ಪದ್ಧತಿಯಿಲ್ಲ, ಅದು ಇನ್ನೊಬ್ಬರ ಕಾಗದ ಒಡೆದಂತೆ. ಮೂಲೆ ನೋಡಿದರು, ಪಿನ್ನು ನೋಡಿದರು, ಮೂಸಿದರು.

“ಒಪ್ಪಲೇಬೇಕು ಸ್ವಾಮಿ. ಒಂಬತ್ತು.”

ಆಗ ಒಳಗಿನಿಂದ ಅತ್ತೆ: “ಆ ಪುಸ್ತಕಾನಾ? ಚೆನ್ನಾಗಿದೆ. ಅಳಿಯಂದಿರು ನನಗೆ ಎರಡೆರಡು ಸಲ ಓದಿ ಹೇಳಿದ್ರು. ಕೊನೆ ಮಾತ್ರ ಸ್ವಲ್ಪ ಪೇಲವ.”

ಭೂತಗನ್ನಡಿಯ ಕೈ ಗಾಳಿಯಲ್ಲೇ ನಿಂತಿತು. “ಓದಿದ್ರಾ?”

ಹೇಳಲು ಬೇರೆ ದಾರಿಯಿತ್ತು. ‘ಅತ್ತೆಗೆ ವಯಸ್ಸಾಗಿದೆ’ ಎನ್ನಬಹುದಿತ್ತು. ‘ಇದರಲ್ಲಿ ಕೊನೆಯೇ ಇಲ್ಲ, ನೋಡಿ, ಓದುವುದೆಲ್ಲಿಂದ ಬಂತು’ ಎಂದು ತೋರಿಸಿದ್ದರೆ ಓದಿದ ಕಳಂಕವಾದರೂ ತಪ್ಪುತ್ತಿತ್ತು. ಒಳಗೆ ಅತ್ತೆ ಕಿವಿಗೊಟ್ಟು ಕೂತಿದ್ದರು.

“ಹೌದು. ಓದಿದೆ,” ಎಂದೆ.

ಅವರು ಬೆನ್ನನ್ನು ಬೆಳಕಿಗೆ ಹಿಡಿದು ಗೆರೆ ಹುಡುಕಿ ತೆಗೆದರು. ಬರೆದ ಒಂಬತ್ತನ್ನು ಹೊಡೆದುಹಾಕಿ, ಕೆಳಗೆ ‘ಓದುವ ಪ್ರತಿ’ ಎಂದು ಬರೆದು, ನನ್ನ ಮುಖ ನೋಡದೆ ಎದ್ದರು. ಬಾಗಿಲ ಬಳಿ ನಾನು ತುಟಿಯ ಮೇಲೆ ಬೆರಳಿಟ್ಟು ಕಂತು ತುಂಡಾದ ಪುಟ ತೆರೆದು ತೋರಿಸಿದೆ. ಎಣ್ಣೆ ಜಾಹೀರಾತನ್ನು ಭೂತಗನ್ನಡಿಯಲ್ಲಿ ಓದಿದರು. “ನಂದು ಹೆಂಗಿದೆಯೋ,” ಎಂದು ಪಿಸುಗುಟ್ಟಿ, ಕೈಗವಸನ್ನೂ ಬಿಚ್ಚದೆ ಮೆಟ್ಟಿಲಿಳಿದರು.

ಹಾಗೆ ಹೇಳಿದ್ದು ಬರೀ ಸೋಮಾರಿತನದಿಂದ. ಕಾಲು ನೋಯುತ್ತಿರುವಾಗ ವಾದ ಬೆಳೆಸಲು ಯಾರಿಗೆ ಬೇಕು.

ಜೂನ್ 25, ಬುಧವಾರ

ಇವತ್ತು ಪಟ್ಟಿ ಬಿಚ್ಚುತ್ತಾರೆ. ಪಕ್ಕದ ಮನೆಯವರು ಒಂದು ಕಡೆ, ಹೆಂಡತಿ ಒಂದು ಕಡೆ ಹಿಡಿದು ಅತ್ತೆಯನ್ನು ಮೆಟ್ಟಿಲಿಳಿಸಿದರು. ಬೀಗ ಬಿತ್ತು.

ಅತ್ತೆ ಇಲ್ಲದ ಮನೆಯಲ್ಲಿ ಒಬ್ಬನೇ. ಶಾಂತಿ ಬೇಕು ಬೇಕು ಎನ್ನುತ್ತಿದ್ದೆ. ಪತ್ರಿಕೆ ತೆಗೆದೆ, ಇಟ್ಟೆ. ಫೋನು ಎತ್ತಿದೆ, ಇಟ್ಟೆ. ಬಾಗಿಲನ್ನು ಒಳಗಿನಿಂದ ಎಳೆದು ನೋಡಿದೆ. ಗೊತ್ತಿದ್ದೂ.

ಇನ್ನೂ ಬಂದಿಲ್ಲ.

ಇನ್ನೂ ಇಲ್ಲ.

ಬಂದರು. ಅತ್ತೆ ಹೊಸ್ತಿಲಲ್ಲಿ ನಿಂತು, ಕಪ್ಪು ಕನ್ನಡಕ ಸ್ವಲ್ಪ ಕೆಳಗಿಳಿಸಿ, ನನ್ನತ್ತ ಕತ್ತು ಚಾಚಿದರು.

“ಅಳಿಯಂದಿರು ದಪ್ಪ ಆಗಿದ್ದೀರಿ,” ಎಂದರು.

ಕಣ್ಣಿಗೆ ಏನೋ ಬಿದ್ದು ಒಳಗೆ ಹೋದೆ.

ಜೂನ್ 29, ಭಾನುವಾರ

ಅಕ್ಷರ ಇನ್ನೂ ಮಸುಕು, ದಪ್ಪಕ್ಷರ ಮಾತ್ರ ಕಾಣುತ್ತದೆ. ಅತ್ತೆ ಆ ಸಂಚಿಕೆ ಕೇಳಿಯೇ ಕೇಳಿದರು. ಎಲ್ಲಿಟ್ಟಿದ್ದೇನೋ ನೆನಪಿಲ್ಲ ಎಂದೆ. ಅಷ್ಟರಲ್ಲಿ ಭೂತಗನ್ನಡಿ ಮತ್ತೆ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಅವರ ಏಳು ಅಂಕದ ಪ್ರತಿ. ಆವತ್ತೇ ಮನೆಗೆ ಹೋಗಿ ಭಯದಲ್ಲಿ ತೆರೆದು ನೋಡಿದರಂತೆ. ಪೂರ್ತಿ ಇದೆಯಂತೆ. ತೆರೆದದ್ದು ಹೇಗೂ ತೆರೆದಾಯಿತು ಎಂದು ತಂದಿದ್ದಾರೆ.

“ಅಮ್ಮ, ನಿಮ್ಮ ಅಳಿಯಂದಿರ ಪ್ರತಿಯಲ್ಲಿ ಕೊನೆ ಭಾಗ ಸೇರಿಸಿಯೇ ಇರಲಿಲ್ಲ. ಅವರು ತಾವೇ ಕಟ್ಟಿ ಹೇಳಿದ್ದಾರೆ. ಅಸಲಿ ಇಲ್ಲಿದೆ,” ಎಂದರು. ತಮ್ಮ ಭೂತಗನ್ನಡಿಯನ್ನೂ ಅವರ ಕೈಗೆ ಕೊಟ್ಟರು. ಒಳ್ಳೆಯ ಮನುಷ್ಯ. ಬಾಯಿ ಮಾತ್ರ ತೆರೆದ ಪ್ರತಿ.

ಅತ್ತೆ ನನ್ನನ್ನು ಒಂದೇ ಕಣ್ಣಲ್ಲಿ ಬಹಳ ಹೊತ್ತು ನೋಡಿದರು.

“ಮರದ ಕೈ ನಿಮ್ಮದಾ?”

“ಹೂಂ.”

“ಅನ್ಕೊಂಡೆ. ಅಷ್ಟು ಕೆಟ್ಟದಾಗಿ ಬರೆಯೋಕೆ ತುಂಬಾ ಓದಿರಬೇಕು,” ಎಂದು ಪತ್ರಿಕೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದರು.

ಜುಲೈ 3, ಗುರುವಾರ

ಪ್ಲಾಸ್ಟರ್ ತೆಗೆದರು. ಕಾಲು ಬೇರೆ ಯಾರದೋ ಅನಿಸುತ್ತದೆ, ಬಿಳಿಚಿಕೊಂಡಿದೆ.

ಅತ್ತೆ ನಿನ್ನೆಗೆ ಓದಿ ಮುಗಿಸಿದ್ದಾರೆ. ಸಾಲಿನ ಮೇಲೆ ಗಾಜು ಎಳೆಯುತ್ತಾ, ಅಕ್ಷರ ಅಕ್ಷರವಾಗಿ. ಮುಗಿಸಿ, “ಓಹೋ,” ಎಂದರು. ಅಷ್ಟೇ. ಊಟಕ್ಕೆ ಕೂತಾಗ ಕೇಳಿದೆ.

“ಯಾರಂತೆ ಅತ್ತೆ?”

“ಯಾರು?”

“ಅದೇ, ಮೆಟ್ಟಿಲಿಳಿದೋರು.”

“ನಿಮಗ್ಯಾಕೆ ಅದೆಲ್ಲ? ನೀವು ಬೆನ್ನು ನೋಡೋರು.”

ಹೆಂಡತಿ ತಟ್ಟೆ ನೋಡಿಕೊಂಡು ನಕ್ಕಳು. ಅವಳಿಗೆ ಹೇಳಿದ್ದಾರೆ. ಅವಳೂ ಹೇಳುತ್ತಿಲ್ಲ. ನನಗೇನೂ ಅಂಥ ಕುತೂಹಲವಿಲ್ಲ, ಮಾತಿಗೆ ಕೇಳಿದ್ದು.

ಜುಲೈ 5, ಶನಿವಾರ

ಇದನ್ನು ಬರೆಯಬಾರದೆಂದಿದ್ದೆ.

ಮಧ್ಯಾಹ್ನ ಅತ್ತೆ ಸ್ನಾನಕ್ಕೆ ಹೋದರು. ನೀರಿನ ಸದ್ದು ಶುರುವಾದದ್ದನ್ನು ಖಚಿತಪಡಿಸಿಕೊಂಡು, ಒಂದು ಊರುಗೋಲಿನ ಮೇಲೆ ಅವರ ಕೋಣೆ ಹೊಕ್ಕು, ದಿಂಬಿನ ಕೆಳಗಿನಿಂದ ಭೂತಗನ್ನಡಿಯವರ ಪ್ರತಿಯನ್ನು ಎಳೆದೆ. ಮಂಚದ ಮೇಲೆ ಕೂತು ಬೆನ್ನು ಪೂರ್ತಿ ಬಗ್ಗಿಸಿ, ಹಿಂದಕ್ಕೇ ಮಡಿಸಿ, ಒಂದು ಕೈಯಲ್ಲಿ ಹಿಡಿದೆ. ರಕ್ಷಾಪುಟದ ಮೂಲೆ ಹರಿಯಿತು. ಯಾರದು ಎಂದೂ ನೋಡಲಿಲ್ಲ. ನೆಲಮಾಳಿಗೆ, ದೀಪ, ‘ಅವಳು ತಿರುಗಿ ನೋಡಿದಳು’. ನೀರಿನ ಸದ್ದು ಯಾವಾಗ ನಿಂತಿತೋ ಗೊತ್ತಿಲ್ಲ.

“ಏನು ಮಾಡ್ತಿದ್ದೀರಿ?”

ಬಾಗಿಲಲ್ಲಿ ಅತ್ತೆ, ತಲೆಗೆ ಟವೆಲು ಸುತ್ತಿ. ಅವರ ಹಿಂದೆ ನನ್ನ ಹೆಂಡತಿ.

“ಪಿನ್ನು ನೋಡ್ತಿದ್ದೆ ಅತ್ತೆ. ತುಕ್ಕು ಹಿಡಿದಿದೆಯಾ ಅಂತ.”

“ಕಣ್ಣಲ್ಲಿ ನೀರು ಬಂದಿದೆಯಲ್ಲ. ಅಷ್ಟು ತುಕ್ಕಾ?”

ಪತ್ರಿಕೆ ಮುಚ್ಚಿದೆ. ಓದುತ್ತಿದ್ದ ಜಾಗ ತಪ್ಪಬಾರದೆಂದು ಬೆರಳನ್ನು ಮಾತ್ರ ಒಳಗೇ ಇಟ್ಟುಕೊಂಡಿದ್ದೆ. ಅವರಿಬ್ಬರೂ ಆ ಬೆರಳನ್ನೇ ನೋಡುತ್ತಿದ್ದರು.

“ಓದ್ತಿದ್ದೆ,” ಎಂದೆ. “ಇನ್ನೆರಡು ಪುಟ ಇದೆ ಅತ್ತೆ, ಮುಗಿಸಿಬಿಡ್ತೀನಿ.”